ಫ್ರಿಜ್ ಬಾಗಿಲಿನ ಯೆರೆಮೀಯ

ಡಿಸೆಂಬರ್ 31ರ ರಾತ್ರಿ ಹತ್ತೂವರೆಯ ಮೇಲೆ ಚೆನ್ನೈನ ವೇಪೇರಿ, ಪುರಸವಾಕ್ಕಂ ಕಡೆ ಆಟೋ ಸಿಗುತ್ತದೆಂದು ನಂಬಿಕೊಂಡು ಹೊರಡಬೇಡಿ. ಕ್ರೈಸ್ತರ ಮನೆಗಳೆಲ್ಲ ಬೀಗ ಜಡಿದುಕೊಂಡು ವಾಚ್‌ನೈಟ್ ಆರಾಧನೆಗೆ ಹೊರಟಿರುತ್ತವೆ. ತಲೆತುಂಬ ಮಲ್ಲಿಗೆ, ಮಡಿಕೆ ಬಿಡದ ಹೊಸ ಸೀರೆ, ತೂಕಡಿಸುವ ಮಕ್ಕಳು. ಹನ್ನೆರಡು ಹೊಡೆದು, ಪಕ್ಕದವರ ಕೈ ಕುಲುಕಿ ಮುಗಿದ ಮೇಲೆ ಎಲ್ಲರ ಕಣ್ಣೂ ಒಂದೇ ಕಡೆ: ವಾಗ್ದಾನದ ಕಾರ್ಡುಗಳ ತಟ್ಟೆ. ಬೋರಲು ಹಾಕಿದ ಕಾರ್ಡುಗಳಲ್ಲಿ ಒಂದನ್ನು ಎತ್ತಬೇಕು. ಬಂದ ಬೈಬಲ್ ವಚನವೇ ಆ ವರ್ಷದ ಪಾಲು. ಮನಸ್ಸಿಗೆ ಹಿಡಿಸದ್ದು ಬಂದರೆ ಹಿಂದಕ್ಕೆ ಹಾಕಿ ಇನ್ನೊಂದು ಎತ್ತುವವರೂ ಇದ್ದಾರೆ. ನಮ್ಮತ್ತೆ ಆ ಪೈಕಿ. ಕೇಳಿದರೆ, "ದೇವರಿಗೆ ನನ್ನ ಕಷ್ಟ ಗೊತ್ತಿದೆ ಬಿಡು, ಅವನೇನೂ ಬೇಜಾರು ಮಾಡ್ಕೊಳ್ಳಲ್ಲ" ಅನ್ನುತ್ತಾರೆ.

ಮಂಗಳೂರಿನಲ್ಲಿ ನನ್ನ ಅಜ್ಜಿಯ ಹತ್ತಿರ ಇದ್ದದ್ದು ಡಬ್ಬಿ. ಸುರುಳಿ ಸುತ್ತಿದ ವಚನದ ಚೀಟಿಗಳನ್ನು ಒತ್ತೊತ್ತಾಗಿ ನಿಲ್ಲಿಸಿದ ರಟ್ಟಿನ ಡಬ್ಬಿ, ಎತ್ತುವುದಕ್ಕೆ ಒಂದು ಪುಟ್ಟ ಚಿಮುಟ. ನಮ್ಮ ಪರೀಕ್ಷೆ, ಅಜ್ಜನ ಬಸ್ ಪ್ರಯಾಣ, ಹಸು ಈಯುವುದು, ಎಲ್ಲಕ್ಕೂ ಮೊದಲು ಒಂದು ಚೀಟಿ. ಓದಿದ ಮೇಲೆ ಅದೇ ಬಿಗಿಯಲ್ಲಿ ಸುತ್ತಿ ಅದೇ ಜಾಗದಲ್ಲಿ ಇಡಬೇಕು, ಇಲ್ಲವೆಂದರೆ ಉಳಿದ ಚೀಟಿಗಳೆಲ್ಲ ಸಡಿಲಾಗಿ ವಾಲುತ್ತಿದ್ದವು.

ಈ ಚೀಟಿಯ ನೆಂಟರನ್ನು ಹುಡುಕುತ್ತ ಹೋದರೆ ಜರ್ಮನಿಯ ಹೆರ್ನ್‌ಹೂಟ್ ಎಂಬ ಸಣ್ಣ ಊರು ಸಿಗುತ್ತದೆ. ಅಲ್ಲಿನ ಮೊರೇವಿಯನ್ ಸಭೆಯವರಿಗೆ ಝಿಂಜೆನ್‌ಡಾರ್ಫ್ ಪ್ರಭು 1728ರ ಮೇ ತಿಂಗಳಿಂದ ದಿನಕ್ಕೊಂದು ವಚನ ಕೊಡತೊಡಗಿದ. ಅದನ್ನು ಮನೆಮನೆಗೂ ಹೋಗಿ ಬಾಯಲ್ಲೇ ಹೇಳಿ ಬರುತ್ತಿದ್ದರು. 1731ರ ಹೊತ್ತಿಗೆ ಅದು ಪುಸ್ತಕವಾಯಿತು, ಇಂದಿಗೂ ವರ್ಷವರ್ಷ ಬರುತ್ತಿದೆ. ವಚನಗಳನ್ನು ಈಗಲೂ ಬೆಳ್ಳಿಯ ಬೋಗುಣಿಯಿಂದ ಚೀಟಿ ಎತ್ತಿಯೇ ಆರಿಸುತ್ತಾರೆ. ವರ್ಷದ ಕೊನೆಯ ರಾತ್ರಿ ಎಚ್ಚರವಿದ್ದು ಪ್ರಾರ್ಥಿಸುವ ರೂಢಿಯನ್ನು ಬೆಳೆಸಿದವರೂ ಅವರೇ. ಪ್ರಭು ಓದಿದ್ದು ಹಾಲೆ ಎಂಬ ಊರಿನಲ್ಲಿ. 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದಿಳಿದ ಮಿಷನರಿ ಝೀಗನ್‌ಬಾಲ್ಗ್ ಕೂಡ ಆ ಹಾಲೆಯ ಬಳಗದವನೇ. 1760ರಲ್ಲಿ ಮೊರೇವಿಯನ್ನರೇ ತರಂಗಂಬಾಡಿಗೆ ಬಂದು ತೋಟ ಮಾಡಿಕೊಂಡು ಕೂತರು. ನಮ್ಮ ತಟ್ಟೆಗೂ ಅವರ ಬೋಗುಣಿಗೂ ಅಷ್ಟೇನೂ ದೂರವಿಲ್ಲ.

ಮೊರೇವಿಯನ್ನರ ಚೀಟಿ ಹುಚ್ಚು ಮೆಥೊಡಿಸ್ಟ್ ಪಂಥದ ಜಾನ್ ವೆಸ್ಲಿಗೂ ಹತ್ತಿತ್ತು. 1737ರಲ್ಲಿ ಅಮೆರಿಕದ ಸವಾನಾದಲ್ಲಿ ಸೋಫಿ ಎಂಬ ಹುಡುಗಿಯನ್ನು ಮದುವೆಯಾಗಲೋ ಬೇಡವೋ ಎಂದು ತಿಳಿಯದೆ ಮೂರು ಚೀಟಿ ಬರೆದಿಟ್ಟ: ಆಗು, ಈ ವರ್ಷ ಬೇಡ, ಆ ಯೋಚನೆಯನ್ನೇ ಬಿಡು. ಬಂದದ್ದು ಮೂರನೆಯದು. ವೆಸ್ಲಿ ತಲೆಬಾಗಿದ. ನಮ್ಮತ್ತೆಯಾಗಿದ್ದರೆ ಮತ್ತೊಂದು ಎತ್ತುತ್ತಿದ್ದರು.

ಚೀಟಿ ಎತ್ತುವುದರ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಕತ್ತರಿಯ ಬಗ್ಗೆ. ಧರ್ಮೋಪದೇಶಕಾಂಡದ 28ನೆಯ ಅಧ್ಯಾಯವನ್ನೇ ನೋಡಿ. ಊರಲ್ಲೂ ಹೊಲದಲ್ಲೂ ಆಶೀರ್ವಾದ, ಹೋಗುವಾಗಲೂ ಬರುವಾಗಲೂ ಆಶೀರ್ವಾದ, ಹಿಟ್ಟು ನಾದುವ ಪಾತ್ರೆಗೂ ಬಿಡದೆ ಆಶೀರ್ವಾದ. ಅಡುಗೆಮನೆಯನ್ನು ಮರೆಯದ ದೇವರೆಂದರೆ ನನಗೂ ಇಷ್ಟವೇ. ತಲೆಯಾಗುವೆ, ಬಾಲವಾಗುವುದಿಲ್ಲ ಎಂಬ ಅರ್ಥದ ವಚನ ಇಲ್ಲಿನ ಆಟೋಗಳ ಹಿಂದೆಯೂ ಸಿಗುತ್ತದೆ. ಸಾಲ ಕೊಡುವವನಾಗುವೆ ಎಂಬುದು ಕಾರಿನ ಕಂತು ಕಟ್ಟುವವರ ಗೋಡೆಯ ಮೇಲೆ. ಆದರೆ ಆ ಅಧ್ಯಾಯದಲ್ಲಿ ಆಶೀರ್ವಾದ ಹದಿನಾಲ್ಕನೆಯ ವಚನಕ್ಕೆ ಮುಗಿಯುತ್ತದೆ. ಉಳಿದ 54 ವಚನಗಳೂ ಮಾತು ಮೀರಿದವರಿಗೆ ಬರುವ ಶಾಪದ್ದು. ಅವು ಯಾವ ಡಬ್ಬಿಯಲ್ಲೂ ಇಲ್ಲ.

ಯೆರೆಮೀಯ 29:11ರ ಕಥೆಯೂ ಅಷ್ಟೆ. ನಿಮಗೆ ಹಿತವನ್ನೇ ಯೋಚಿಸಿದ್ದೇನೆ, ಮುಂದೆ ಒಳ್ಳೆಯ ದಿನ ಇದೆ ಎಂದು ದೇವರು ಹೇಳುವ ಮಾತು. ಚೆನ್ನೈನಲ್ಲಿ ಈ ವಚನವಿಲ್ಲದ ಕ್ರೈಸ್ತರ ಫ್ರಿಜ್ ನಾನು ಕಂಡದ್ದು ಕಡಿಮೆ. ಆ ವಚನ ಇರುವುದು ಬಾಬಿಲೋನಿಗೆ ಸೆರೆಹೋದವರಿಗೆ ಪ್ರವಾದಿ ಬರೆದ ಕಾಗದದಲ್ಲಿ. ಹತ್ತನೆಯ ವಚನದಲ್ಲೇ ಎಪ್ಪತ್ತು ವರ್ಷ ಕಾಯಬೇಕೆಂದಿದೆ. ಅದಕ್ಕೂ ಮೊದಲು, ಏಳನೆಯದರಲ್ಲಿ, ನೀವು ಹೋಗಿ ಸೇರಿದ ಆ ಪರಊರಿನ ಕ್ಷೇಮಕ್ಕಾಗಿ ದುಡಿಯಿರಿ, ಪ್ರಾರ್ಥಿಸಿರಿ, ಅದು ಚೆನ್ನಾಗಿದ್ದರೆ ನೀವೂ ಚೆನ್ನಾಗಿರುತ್ತೀರಿ ಎಂಬ ತಾತ್ಪರ್ಯ. ಮಂಗಳೂರು ಬಿಟ್ಟು ಬಂದು ಇಲ್ಲಿ ಸಂಸಾರ ಹೂಡಿದ ನನ್ನಂಥವಳಿಗೆ ಇದಕ್ಕಿಂತ ನೇರವಾಗಿ ಯಾರು ಬರೆದಾರು?

2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಉಕ್ಕಿದಾಗ ನಾವು ಸೈದಾಪೇಟೆಯಲ್ಲಿ ಮಹಡಿಯ ಮೇಲಿದ್ದೆವು. ನೀರಿಳಿದ ಮೇಲೆ ಕೆಳಮನೆಗೆ ಹೋದರೆ ಫ್ರಿಜ್ ಅಂಗಾತ ಬಿದ್ದಿತ್ತು. ಮೈಯೆಲ್ಲ ಕೆಸರು. ಸೆಲ್ಲೋಟೇಪಿನ ಅಡಿಯಲ್ಲಿ ಹನ್ನೊಂದನೆಯ ವಚನ ಮಾತ್ರ ಮಾಸದೆ ಕೂತಿತ್ತು. ಕೆಳಮನೆಯ ಅಕ್ಕ ಅದನ್ನು ನೋಡಿ ಅಳಬೇಕೋ ನಗಬೇಕೋ ತಿಳಿಯದೆ ಸುಮ್ಮನೆ ನಿಂತರು. ಅಷ್ಟರಲ್ಲಿ ಹಿಂದಿನ ಬೀದಿಯ ಮಸೀದಿಯ ಹುಡುಗರು ಬಿಸಿ ಅನ್ನದ ಪೊಟ್ಟಣ ಹಿಡಿದು ಮೊಣಕಾಲುದ್ದ ಕೆಸರಲ್ಲಿ ಬಂದರು. ಎಷ್ಟು ಜನ ಎಂದು ಕೇಳಿದರೇ ಹೊರತು ಯಾವ ಜನ ಎಂದು ಕೇಳಲಿಲ್ಲ. ಏಳನೆಯ ವಚನವನ್ನು ಅಷ್ಟು ಚೆನ್ನಾಗಿ ಪಾಲಿಸಿದವರನ್ನು ನಾನು ಆಮೇಲೆ ಕಂಡಿಲ್ಲ.

ಆ ಏಳನೆಯದರ ಕಾರ್ಡನ್ನು ಮಾತ್ರ ಇಂದಿನವರೆಗೆ ಯಾವ ತಟ್ಟೆಯಲ್ಲೂ ನೋಡಿಲ್ಲ. ಕಾರ್ಡು ಅಚ್ಚು ಹಾಕಿಸುವ ಸಭೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ಬರುವ ಡಿಸೆಂಬರಿಗೆ ನಾಲ್ಕಾದರೂ ಸೇರಿಸಿ. ಜನ ಹಿಂದಕ್ಕೆ ಹಾಕಿದರೆ ನನಗೇ ಕಳಿಸಿಕೊಡಿ, ನಮ್ಮತ್ತೆ ಮಲಗಿದ ಮೇಲೆ ಫ್ರಿಜ್‌ಗೆ ಅಂಟಿಸುತ್ತೇನೆ.