ಅವ್ವ ಆರಿಸಿದ ಸಮ್ಮಟಿಗೆ

ಇಪ್ಪತ್ತು ವರ್ಷಗಳಿಂದ ದಿಲ್ಲಿಯ ಕೇಂದ್ರ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ನಾನು ಎತ್ತಿದ ಅತಿ ಭಾರದ ವಸ್ತುವೆಂದರೆ ಹಳೆಯ ಕಡತಗಳ ಗಂಟು. ಅಂಥವನು ಸಮ್ಮಟಿಗೆಯ ಬಗ್ಗೆ ಬರೆಯಹೊರಟರೆ ಓದುಗರು ನಕ್ಕಾರು. ನಗಲಿ. ನಮ್ಮ ಮನೆಯಲ್ಲಿಯೂ ಮೊದಲು ನಕ್ಕರು.

ಆದದ್ದಿಷ್ಟು. ನಮ್ಮದು ನೆಲಮಹಡಿಯ ಮನೆ. ಹಿತ್ತಲಲ್ಲಿ ಹಿಂದಿನವರು ಹಾಕಿಸಿದ ಕಾಂಕ್ರೀಟು ಹಾಸು ಇದೆ: ಆರಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಂಗುಲ ದಪ್ಪ. ಅದರ ಇಳಿಜಾರು ಮೋರಿಯ ಕಡೆಗಿರುವ ಬದಲು ಮನೆಯ ಕಡೆಗಿದೆ. ಮಳೆ ಬಂದರೆ ನೀರು ನೇರವಾಗಿ ಅವ್ವನ ಮಂಚದ ಕೆಳಗೆ. ಒಡೆದು ತೆಗೆಯಲು ಗುತ್ತಿಗೆದಾರ ನಾಲ್ಕು ಸಾವಿರ ಕೇಳಿದ. ತಿಂಗಳ ಕೊನೆ ಬೇರೆ. "ನಾನೇ ಒಡೀತೀನಿ" ಎಂದೆ. ನನ್ನಾಕೆ ಬಾಯಿಗೆ ಸೆರಗು ಅಡ್ಡ ಹಿಡಿದು ಒಳಗೆ ಹೋದಳು.

ಶನಿವಾರ ಬೆಳಿಗ್ಗೆ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಹಿಂದಿಯಲ್ಲಿ ಸಮ್ಮಟಿಗೆಗೆ 'ಘನ' ಎನ್ನುತ್ತಾರೆ. ಎರಡು ಕಿಲೋದಿಂದ ಹತ್ತು ಕಿಲೋವರೆಗೆ ಸಾಲಾಗಿ ಇಟ್ಟಿದ್ದರು. ನಾನೋ ಬಿ.ಎಸ್ಸಿ. ಓದಿದವನು. ಭಾರ ಹೆಚ್ಚಾದರೆ ಪೆಟ್ಟಿನ ಶಕ್ತಿ ಹೆಚ್ಚು ಎಂದು ಲೆಕ್ಕ ಹಾಕಿ ಎಂಟು ಕಿಲೋದ್ದನ್ನು ಹೆಗಲ ಮೇಲೆ ಹೊತ್ತು ತಂದೆ. ಹಾಸಿನ ನಟ್ಟನಡುವೆ ಹತ್ತು ಪೆಟ್ಟು ಹಾಕಿದೆ. ಕಾಂಕ್ರೀಟಿನ ಮೇಲೆ ಹತ್ತು ಬಿಳಿ ಚುಕ್ಕೆಗಳು, ನನ್ನ ಅಂಗೈಯಲ್ಲಿ ಎರಡು ಗುಳ್ಳೆಗಳು. ಹನ್ನೊಂದನೆಯ ಪೆಟ್ಟು ಗುರಿ ತಪ್ಪಿ ನನ್ನ ಪಾದದಿಂದ ಗೇಣು ದೂರದಲ್ಲಿ ಬಿತ್ತು.

ಬಾಗಿಲಲ್ಲಿ ಕುಳಿತು ನೋಡುತ್ತಿದ್ದ ಅವ್ವ, "ನಿಂದ್ರಸೋ ತಮ್ಮಾ, ಕಾಲು ಕಳಕೊಂಡೀ. ಅದನ್ನ ತಿರುಗಿ ಕೊಟ್ಟು ಬರೂಣ ನಡಿ, ನಾನೂ ಬರ್ತೀನಿ" ಎಂದಳು.

ಇಲ್ಲಿ ಒಂದು ಮಾತು ಹೇಳಬೇಕು. ನನ್ನ ಅಪ್ಪ ಹಾವೇರಿ ಕಡೆಯ ಹಳ್ಳಿಯೊಂದರಲ್ಲಿ ಕಂಬಾರನಾಗಿದ್ದ. ಅಪ್ಪ ತೀರಿಕೊಂಡ ಮೇಲೆ, ಮೂರು ವರ್ಷಗಳ ಹಿಂದೆ, ಅವ್ವನನ್ನು ಇಲ್ಲಿಗೆ ಕರೆತಂದೆ. ಅವಳಿಗೆ ಎಪ್ಪತ್ತು ದಾಟಿದೆ. ಬಲ ಭುಜ ಎತ್ತಲಾಗದು. ಹಿಂದಿ ಬಾರದು.

ಅಂಗಡಿಯವನು ನೂರು ರೂಪಾಯಿ ಮುರಿದುಕೊಂಡು ಸಮ್ಮಟಿಗೆಯನ್ನು ಹಿಂದಕ್ಕೆ ಪಡೆದ. ಮರಳುವಾಗ ರಸ್ತೆಯ ಬದಿಯಲ್ಲಿ ಗಾಡಿಯಾ ಲೋಹಾರರ ಬಿಡಾರ ಕಂಡು ಅವ್ವ ಆಟೋ ನಿಲ್ಲಿಸಿದಳು. ಇವರನ್ನು ದಿಲ್ಲಿಯ ನಮ್ಮವರೆಲ್ಲ ಕಂಡಿರುತ್ತೀರಿ. 1568ರಲ್ಲಿ ಚಿತ್ತೋಡಗಢ ಅಕ್ಬರನ ವಶವಾದಾಗ ಊರು ಬಿಟ್ಟು, ಅದನ್ನು ಮರಳಿ ಪಡೆಯುವವರೆಗೆ ಮನೆ ಕಟ್ಟಿ ನೆಲೆಸೆವೆಂದು ಆಣೆಯಿಟ್ಟವರ ವಂಶದವರು ತಾವೆಂದು ಅವರು ಹೇಳಿಕೊಳ್ಳುತ್ತಾರೆ. 1955ರಲ್ಲಿ ಪಂಡಿತ ನೆಹರೂ ಅವರನ್ನು ಕೋಟೆಯೊಳಕ್ಕೆ ಕರೆದೊಯ್ದು ಆ ಆಣೆಯನ್ನು ಬಿಡಿಸಿದರು. ಆದರೂ ಅನೇಕರ ಬದುಕು ಇಂದಿಗೂ ರಸ್ತೆಯ ಬದಿಯಲ್ಲೇ. ಅಲ್ಲಿ ಗಂಡ ಕೆಂಪಗೆ ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿದಿದ್ದ. ಹೆಂಡತಿ ನಿಂತು ಸಮ್ಮಟಿಗೆ ಬೀಸುತ್ತಿದ್ದಳು. ಅವ್ವ ಎವೆಯಿಕ್ಕದೆ ನೋಡಿದಳು.

ಆಮೇಲೆ ಮಾರಾಟಕ್ಕಿಟ್ಟ ಸಮ್ಮಟಿಗೆಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಮೊದಲು ತಲೆಯನ್ನು ಒಂದು ಕಲ್ಲಿನಿಂದ ತಟ್ಟಿ ಕಿವಿಗೊಟ್ಟಳು. ನಾದ ಬಂದರೆ ಸರಿ, ಬೊದ್ದು ಸದ್ದು ಬಂದರೆ ಒಳಗೆ ಬಿರುಕು ಇದ್ದೀತು. ಪೆಟ್ಟು ಹಾಕುವ ಮುಖದ ಅಂಚನ್ನು ಬೆರಳಿನಿಂದ ಸವರಿದಳು. ಮುಖಕ್ಕೆ ನೀರು ಕುಡಿಸಿ ಹದ ಕೊಟ್ಟಿರುತ್ತಾರೆ. ಅಂಚು ಚೂಪಾಗಿದ್ದರೆ ಚೂರು ಸಿಡಿದು ಕಣ್ಣಿಗೆ ಬೀಳುತ್ತದೆ. ಇದೇ ಕಾರಣಕ್ಕೆ ಒಂದು ಸುತ್ತಿಗೆಯ ಮುಖವನ್ನು ಇನ್ನೊಂದರಿಂದ ಎಂದೂ ಹೊಡೆಯಬಾರದು. ನಂತರ ಕಾವನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಿದಳು. ಮರದ ಎಳೆ ಈ ತುದಿಯಿಂದ ಆ ತುದಿಗೆ ಉದ್ದಕ್ಕೆ ಓಡಿರಬೇಕು. ಎಳೆ ಅಡ್ಡಕ್ಕೆ ಹೊರಳಿದ್ದರೆ, ನಡುವೆ ಗಂಟಿದ್ದರೆ, ಕಾವು ಅಲ್ಲಿಯೇ ಮುರಿಯುತ್ತದೆ. ತಲೆಯಲ್ಲಿ ಬೆಣೆ ಬಿಗಿಯಾಗಿರಬೇಕು. ಸಡಿಲವಾದದ್ದನ್ನು ರಾತ್ರಿ ನೀರಿನಲ್ಲಿ ನೆನೆಸಿಟ್ಟರೆ ಮರ ಉಬ್ಬಿ ಬಿಗಿಯಾದಂತೆ ಕಾಣುತ್ತದೆ; ಒಣಗಿದ ಮೇಲೆ ಮತ್ತೆ ಸಡಿಲ.

ಕೊನೆಗೆ ನಾಲ್ಕು ಕಿಲೋದ ಒಂದನ್ನು ನನ್ನ ಕೈಗೆ ಕೊಟ್ಟಳು. ನೆಲಕ್ಕೆ ಊರಿದರೆ ಕಾವು ನನ್ನ ಸೊಂಟದ ಹತ್ತಿರ ಬಂತು. "ಹತ್ತು ಸಲ ಎತ್ತು. ಹತ್ತನೇದು ಮೊದಲನೇದರಾಂಗ ಇದ್ರ ಅದು ನಿಂದು. ಇಲ್ಲಾಂದ್ರ ಅದು ಅಂಗಡಿಯವಂದು." ಎತ್ತಿದೆ. ಹತ್ತನೆಯದೂ ಮೊದಲನೆಯದರಂತೆಯೇ ಇತ್ತು.

ಆ ಲೋಹಾರ ಹೆಂಗಸು ನಗುತ್ತ ಅವ್ವನ ಅಂಗೈ ಹಿಡಿದು ನೋಡಿದಳು. ಅವ್ವ ಅವಳ ಅಂಗೈ ನೋಡಿದಳು. ಇಬ್ಬರಿಗೂ ಭಾಷೆಯ ಅಗತ್ಯ ಬೀಳಲಿಲ್ಲ.

ಮರುದಿನ ಅವ್ವನೇ ಮೇಸ್ತ್ರಿ. ನನ್ನ ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು ಹಾಕಿಸಿದಳು. "ನಡುವ ಯಾಕ ಹೊಡೀತಿ? ಅಂಚು ಹಿಡಿ" ಎಂದು, ಮೊದಲು ಹಾರೆಯಿಂದ ಅಂಚಿನ ಕೆಳಗಿನ ಮಣ್ಣು ತೆಗೆಸಿದಳು. ಅಂಚನ್ನು ಕೊಂಚ ಎತ್ತಿ ಕೆಳಗೊಂದು ಕಲ್ಲು ಕೊಡಿಸಿದಳು. ಕಾಂಕ್ರೀಟು ಒತ್ತಡವನ್ನು ಎಷ್ಟಾದರೂ ತಾಳುತ್ತದೆ, ಎಳೆತವನ್ನು ತಾಳುವುದು ಅದರ ಹತ್ತರಲ್ಲೊಂದು ಪಾಲು. ಕೆಳಗೆ ಮಣ್ಣಿನ ಆಸರೆ ತಪ್ಪಿದ ಹಾಸು ಪೆಟ್ಟಿಗೆ ಬಾಗಲು ಹೋಗಿ ಸೀಳುತ್ತದೆ. ಈ ಪಾಠ ನನಗೆ ಪುಸ್ತಕದಲ್ಲಿ ಸಿಕ್ಕಿತ್ತು, ಹಿತ್ತಲಲ್ಲಿ ನೆನಪಾಗಿರಲಿಲ್ಲ. ಮೂರನೆಯ ಪೆಟ್ಟಿಗೆ ಬಿರುಕು, ಐದನೆಯದಕ್ಕೆ ಹೋಳು.

"ಬಡೀಬ್ಯಾಡ. ಎತ್ತೂದು ನಿನ್ನ ಕೆಲಸ, ಬೀಳೂದು ಅದರ ಕೆಲಸ" ಎಂದಳು. ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಎಂಟು ಕಿಲೋದ್ದನ್ನು ನಾನು ಎತ್ತುತ್ತಿದ್ದದ್ದು ಎದೆಮಟ್ಟಕ್ಕೆ, ಸುಮಾರು 1 ಮೀಟರ್. ನಾಲ್ಕು ಕಿಲೋದ್ದನ್ನು ತಲೆಯ ಮೇಲೆ, 2 ಮೀಟರ್. ಬಿದ್ದಾಗ ಎರಡರ ಶಕ್ತಿಯೂ ಒಂದೇ, ಹೆಚ್ಚುಕಡಿಮೆ 78 ಜೌಲ್. ಆದರೆ ಹಗುರದ್ದನ್ನು ಬೀಸುವಾಗ ತೋಳಿನಲ್ಲಿ ಉಳಿದ ಬಲವನ್ನು ವೇಗಕ್ಕೆ ಹಾಕಬಹುದು. ಭಾರ ಇಮ್ಮಡಿಯಾದರೆ ಶಕ್ತಿ ಇಮ್ಮಡಿ, ವೇಗ ಇಮ್ಮಡಿಯಾದರೆ ನಾಲ್ಮಡಿ. ಗುರಿಯೂ ತಪ್ಪದು. ನಾನು ಮೂರು ವರ್ಷ ಕಾಲೇಜಿಗೆ ಹೋಗಿ ಕಲಿತದ್ದನ್ನು ಅವ್ವ ಎಲ್ಲಿ ಕಲಿತಳು?

ಎಲ್ಲಿ ಎಂದರೆ, ನನ್ನ ಕಣ್ಣೆದುರಿಗೇ. ಮುಂಗಾರಿಗೆ ಮೊದಲು ರೈತರು ಕುಳ ಹಣಿಸಲು ಸಾಲುಗಟ್ಟಿ ಬರುತ್ತಿದ್ದರು. ಕುಲುಮೆಯ ಮುಂದೆ ಅಪ್ಪ ಇಕ್ಕಳದಲ್ಲಿ ಕಬ್ಬಿಣ ಹಿಡಿದು ಸಣ್ಣ ಸುತ್ತಿಗೆಯಿಂದ ಜಾಗ ತೋರಿಸುತ್ತಿದ್ದ. ಅಲ್ಲಿಯೇ ಸಮ್ಮಟಿಗೆಯ ಪೆಟ್ಟು ಹಾಕುತ್ತಿದ್ದವಳು ಅವ್ವ. ಇಪ್ಪತ್ತು ವರ್ಷಕ್ಕೂ ಮಿಕ್ಕಿ. ನಾನು ತಿದಿ ಒತ್ತುತ್ತ ಪಾಠ ಓದುತ್ತಿದ್ದೆ. ಆ ಪೆಟ್ಟಿನಿಂದ ಬಂದ ಆಯದ ಜೋಳದಲ್ಲಿಯೇ ನಾನು ಓದಿದ್ದು. ಆದರೂ ಶಾಲೆಯ ಅರ್ಜಿಯಿಂದ ಹಿಡಿದು ನೌಕರಿಯ ಅರ್ಜಿಯವರೆಗೆ, ತಾಯಿಯ ಉದ್ಯೋಗ ಕೇಳಿದಲ್ಲೆಲ್ಲ ನನ್ನದೇ ಅಕ್ಷರದಲ್ಲಿ ಬರೆದದ್ದು 'ಮನೆಗೆಲಸ' ಎಂದು. ಸಹಪಾಠಿಗಳು ನೋಡಿಯಾರೆಂಬ ನಾಚಿಕೆ ಮೊದಲು, ಆಮೇಲೆ ರೂಢಿ.

ಅದಕ್ಕೂ ಹೆಚ್ಚಿನದೊಂದಿದೆ. ಎರಡು ತಿಂಗಳ ಹಿಂದೆ ಭುಜದ ನೋವಿಗೆಂದು ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು, "ಇವರು ಭಾರದ ಕೆಲಸ ಏನಾದರೂ ಮಾಡಿದ್ದರೇ?" ಎಂದು ಹಿಂದಿಯಲ್ಲಿ ಕೇಳಿದ್ದರು. "ಇಲ್ಲ, ಹೌಸ್‌ವೈಫ್" ಎಂದು ನಾನೇ ಉತ್ತರಿಸಿದ್ದೆ. ಏನು ಕೇಳಿದರು, ಏನು ಹೇಳಿದೆ ಎಂದು ಅವ್ವನಿಗೆ ತಿಳಿದಿರಲಿಲ್ಲ. ನನ್ನ ಮುಖ ನೋಡುತ್ತ ಕುಳಿತಿದ್ದಳು.

ಕಳೆದ ವಾರ ಮತ್ತೆ ಹೋದೆವು. ಈ ಸಲ ವೈದ್ಯರು ಕೇಳುವ ಮೊದಲೇ ಹೇಳಿದೆ: ಇಪ್ಪತ್ತು ವರ್ಷ ಕುಲುಮೆಯಲ್ಲಿ ಘನ ಬೀಸಿದ್ದಾರೆ, ಬಲಗೈ ಮುಂದಾಗಿ. ಅವರು ತಲೆಯೆತ್ತಿ ಅವ್ವನನ್ನು ನೋಡಿದರು. ಭುಜವನ್ನು ಇನ್ನೊಮ್ಮೆ ನಿಧಾನವಾಗಿ ತಿರುಗಿಸಿ ಪರೀಕ್ಷಿಸಿ, ಚೀಟಿಯಲ್ಲಿ ಏನೋ ಬರೆದುಕೊಂಡರು.

ಹೊರಗೆ ಬಂದ ಮೇಲೆ ಅವ್ವ, "ಏನ್ ಬರಕೊಂಡ್ರೋ?" ಎಂದಳು.

"ನೀ ಕಂಬಾರಕಿ ಮಾಡಾಕಿ ಅಂತ."

"ಅದನ್ನ ಬರೀಲಿಕ್ಕೆ ಇಷ್ಟೊತ್ತು ಬೇಕಾತೇನು?" ಎಂದು ಅವ್ವ ಆಟೋದ ಕಡೆಗೆ ನಡೆದಳು.