ಒಬ್ಬಾಕಿನ ಆಟ

ಮದುವಿಗೆ ಮದಲ ನಾನೂ ತಮ್ಮನೂ ನಿಪ್ಪಾಣಿ ಸೈಬರ್ ಕೆಫೆದಾಗ ರೂನ್‌ಸ್ಕೇಪ್ ಅನ್ನೂ ಆಟ ಆಡತಿದ್ವಿ. ಖಡ್ಗ, ಊಟ, ರೊಕ್ಕ ಎಲ್ಲಾ ಅಂವನ ಕೊಡಾಂವ. ನಾ ಬೆನ್ನಹಿಂದ ಹೋಗಾಕಿ.

ಅಂವ ತೀರಕೊಂಡ ಮೂರ ವರ್ಷಾತು. ಹ್ವಾದ ತಿಂಗಳ ಮೊಬೈಲ್‌ನ್ಯಾಗ ಮತ್ತ ಸುರು ಮಾಡೇನ್ರಿ, 'ಐರನ್‌ಮ್ಯಾನ್' ಆಗಿ. 2014ರಾಗ ಬಂದ ಪದ್ಧತಿ ಅದು: ಬ್ಯಾರೆ ಆಟಗಾರರ ಕಡಿಂದ ಏನೂ ಇಸ್ಕೊಳ್ಳಂಗಿಲ್ಲ. ಹೆಪ್ಪಿಗೂ ವೈನಿ ಮನಿಗೆ ಬಟ್ಟಲಾ ಹಿಡಕೊಂಡ ಓಡಾಕಿ ನಾನು! ಅಲ್ಲಿ ಕಟಿಗಿ ನಾನ ಕಡೀಬೇಕು, ಬೆಂಕಿ ನಾನ ಹಚ್ಚಬೇಕು, ಸಿಗಡಿ ನಾನ ಹಿಡದ ಸುಡಬೇಕು. (ಮನ್ಯಾಗ ತತ್ತೀನೂ ತರಂಗಿಲ್ಲ. ಅತ್ತಿಯವರಿಗೆ ಹೇಳಬ್ಯಾಡ್ರಿ.) ಮದಲನೇವು ಸೀದು ಕರ್ರಗಾದ್ವು.

ಗೆಳ್ಯಾರ ಪಟ್ಟ್ಯಾಗ ತಮ್ಮನ ಹೆಸರ ಸೇರಸೇನಿ. ಆಟದಾಗ ಇಲ್ಲದವರ ಹೆಸರಿನ ಮುಂದ 'ಆಫ್‌ಲೈನ್' ಅಂತ ಕೆಂಪಗ ಕಾಣತೈತಿ. ದಿನಾ ಮದಲ ಅದನ್ನ ನೋಡತೇನಿ, ಆಮ್ಯಾಲ ಬಲಿ ತಗೊಂಡ ಹೊಂಡತೇನಿ. ನಿನ್ನಿ ಐದ ಸಿಗಡಿ ಚಲೋ ಬೆಂದ್ವು.