ಅಶೋಕವನದಲ್ಲಿ ಅತ್ತವಳು ಯಾರು?

1987ರಲ್ಲಿ ರಾಜಾಜಿನಗರದ ನಮ್ಮ ವಠಾರದಲ್ಲಿ ಟಿ.ವಿ. ಇದ್ದದ್ದು ಓನರ್ ಮನೆಯಲ್ಲಿ ಮಾತ್ರ. ಹಿಂದಿ ಬರುತ್ತಿದ್ದದ್ದು ಮೆಟ್ಟಿಲ ಪಕ್ಕದ ಮನೆಯ ಅಕ್ಕನಿಗೆ ಮಾತ್ರ. ಇವರಿಬ್ಬರ ಪುಣ್ಯದಿಂದ ನಾವೆಲ್ಲ ರಮಾನಂದ ಸಾಗರರ ‘ರಾಮಾಯಣ’ ನೋಡಿದೆವು.

ಆ ಅಕ್ಕ ವೆಸ್ಟ್ ಆಫ್ ಕಾರ್ಡ್ ರೋಡಿನ ಮೈಸೂರು ಹಿಂದಿ ಪ್ರಚಾರ ಪರಿಷತ್ತಿನ ಪರೀಕ್ಷೆಗಳನ್ನು ಒಂದೊಂದಾಗಿ ಕಟ್ಟಿ ‘ಹಿಂದಿ ರತ್ನ’ದವರೆಗೆ ಹೋಗಿದ್ದರು. ಕೆಲಸ ಇನ್ನೂ ಸಿಕ್ಕಿರಲಿಲ್ಲ. ನಾವು ಮಕ್ಕಳು ಅವರನ್ನು ಹಿಂದಿ ಅಕ್ಕ ಎಂದೇ ಕರೆಯುತ್ತಿದ್ದೆವು. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದೇ ಶುರುವಾಗಿತ್ತು, ಸಂಜೆ ಹೊತ್ತು ಕನ್ನಡ ಕೇಳುತ್ತಿತ್ತು. ಆದರೆ ಭಾನುವಾರ ಬೆಳಿಗ್ಗೆಯೆಲ್ಲ ದೆಹಲಿಯದೇ ಪ್ರಸಾರ. 1987ರ ಜನವರಿ 25ರಂದು ‘ರಾಮಾಯಣ’ ಆರಂಭವಾದಾಗ ವಠಾರದ ಹೆಂಗಸರಿಗೆ ಕಥೆ ಗೊತ್ತಿತ್ತು, ಮಾತು ಗೊತ್ತಾಗುತ್ತಿರಲಿಲ್ಲ. ‘ಏನಂದ? ಏನಂದ?’ ಎಂದು ಎಲ್ಲರೂ ಕೇಳತೊಡಗಿದಾಗ ಓನರ್ ಮನೆಯವರೇ ಟಿ.ವಿ. ಪಕ್ಕ ಒಂದು ಸ್ಟೂಲ್ ಹಾಕಿ ಹಿಂದಿ ಅಕ್ಕನನ್ನು ಕೂರಿಸಿದರು. ಅಂದಿನಿಂದ ಅದು ಅವರ ಜಾಗ.

ಆ ಧಾರಾವಾಹಿಯ ನಿಧಾನವನ್ನು ಆಮೇಲೆ ಬಹಳ ಜನ ಆಡಿಕೊಂಡರು. ಒಬ್ಬರು ಒಂದು ಮಾತು ಆಡಿದರೆ ಸಭೆಯಲ್ಲಿ ನಿಂತವರ ಮುಖಗಳನ್ನೆಲ್ಲ ಒಂದೊಂದಾಗಿ ತೋರಿಸುತ್ತಿದ್ದರು. ನಮ್ಮ ಪಾಲಿಗೆ ಆ ನಿಧಾನವೇ ವರವಾಗಿತ್ತು. ದಶರಥನ ಮುಖ, ಕೈಕೇಯಿಯ ಮುಖ, ಸುಮಂತ್ರನ ಮುಖ ಬಂದು ಹೋಗುವಷ್ಟರಲ್ಲಿ ಹಿಂದಿ ಅಕ್ಕ ಆ ಮಾತನ್ನು ಕನ್ನಡಕ್ಕೆ ತಂದು ಮುಗಿಸುತ್ತಿದ್ದರು. ಅದೂ ಪರೀಕ್ಷೆಗೆ ಬರೆಯುವ ಕನ್ನಡವಲ್ಲ. ‘ಅದೆಲ್ಲ ನಂಗೊತ್ತಿಲ್ಲ, ಕೊಟ್ಟ ಮಾತು ನಡೆಸ್ಕೊಡಿ ಅಂತಿದಾಳೆ’ ಎಂದು ಕೈಕೇಯಿಯ ಮಾತನ್ನು ಹೇಳಿದರೆ, ಹಿಂದಿನ ಸಾಲಿನಿಂದ ಯಾರೋ ‘ಹಾಳಾದೋಳು’ ಎನ್ನುತ್ತಿದ್ದರು. ಅಕ್ಕ ದನಿ ಏರಿಸುತ್ತಿರಲಿಲ್ಲ. ಟಿ.ವಿ.ಯ ಮಾತು ನಿಂತ ಕಡೆ ತಾವು ಹಿಡಿದು, ಅದು ಮತ್ತೆ ಶುರುವಾದ ಕಡೆ ಬಿಡುತ್ತಿದ್ದರು. ಅಷ್ಟು ಹದವಾದ ಅನುವಾದವನ್ನು ನಾನು ಆಮೇಲೆ ದೊಡ್ಡ ವೇದಿಕೆಗಳಲ್ಲೂ ಕೇಳಿದ್ದು ಕಡಿಮೆ.

ನಾನು ಹೇಳಬೇಕೆಂದಿರುವುದು 1988ರ ಮಳೆಗಾಲದ ಒಂದು ಭಾನುವಾರದ ಸಂಗತಿ. ಧಾರಾವಾಹಿ ಜುಲೈ 31ಕ್ಕೆ ಮುಗಿಯಿತು, ಇದು ಅದಕ್ಕೆ ಸ್ವಲ್ಪ ಮುಂಚೆ. ರಾವಣ ಸತ್ತಾಗಿತ್ತು. ಸೀತೆ ಬರುವ ಹೊತ್ತು. ಸೀತೆ ಅಗ್ನಿಯನ್ನು ದಾಟಿ ಬರಬೇಕು ಎಂದು ರಾಮ ಹೇಳಿದಾಗ ಲಕ್ಷ್ಮಣ ಸಿಡಿದೇಳುತ್ತಾನೆ. ಹಿಂದಿ ಅಕ್ಕ ಆವತ್ತು ಮೊದಲ ಬಾರಿಗೆ ‘ಅಂತಿದಾನೆ’ ಎನ್ನುವುದನ್ನು ಬಿಟ್ಟು ನೇರವಾಗಿ ಲಕ್ಷ್ಮಣನೇ ಆಗಿ ಮಾತಾಡಿದರು. ‘ಅಣ್ಣಾ, ಇದು ನಿನ್ನ ಬಾಯಲ್ಲಿ ಬರೋ ಮಾತಾ? ಅತ್ತಿಗೇನ ಬೆಂಕಿಗೆ ಕಳಿಸ್ತೀಯಾ?’ ಕೂತವರಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಆಮೇಲೆ ರಾಮ ತಮ್ಮನಿಗೆ ಗುಟ್ಟು ಹೇಳುತ್ತಾನೆ: ರಾವಣ ಹೊತ್ತೊಯ್ದದ್ದು ನಿಜವಾದ ಸೀತೆಯನ್ನಲ್ಲ, ಅವಳ ಛಾಯೆಯನ್ನು, ನಿಜವಾದವಳನ್ನು ಅಪಹರಣಕ್ಕೆ ಮೊದಲೇ ಅಗ್ನಿದೇವನ ಬಳಿ ಇಟ್ಟಿದ್ದಾಗಿದೆ, ಈಗ ಅವಳನ್ನು ವಾಪಸ್ ಪಡೆಯುವುದಷ್ಟೇ ಬಾಕಿ. ಇದು ತುಳಸೀದಾಸರ ದಾರಿ.

ಟಿ.ವಿ. ಆರಿಸಿದ ಮೇಲೆ ಹೆಂಗಸರು ಬಾವಿಕಟ್ಟೆ ಪಕ್ಕದ ನಲ್ಲಿ ಹತ್ತಿರ ಸೇರುವುದು ವಾಡಿಕೆ. ಹುರುಳಿಕಾಯಿ ಮುರಿಯುತ್ತ, ಅಕ್ಕಿ ಆರಿಸುತ್ತ, ನೋಡಿದ್ದನ್ನು ಅಲ್ಲಿ ಮತ್ತೊಮ್ಮೆ ಒರೆಗೆ ಹಚ್ಚುತ್ತಿದ್ದರು. ನಮ್ಮಮ್ಮನಿಗೆ ಆವತ್ತು ನೆಮ್ಮದಿಯಾಗಿತ್ತು. ‘ಸದ್ಯ, ಆ ಪಾಪಿ ಮುಟ್ಟಿದ್ದು ನಮ್ಮ ಸೀತಮ್ಮನ್ನಲ್ಲವಲ್ಲ’ ಎಂದರು. ಓನರ್ ಮನೆಯವರೂ ಹೌದೆಂದರು. ಆಗ ಮೂಲೆ ಮನೆಯ ಅಜ್ಜಿ ಮೊರವನ್ನು ಕೆಳಗಿಟ್ಟರು. ಹರಿಕಥೆ, ಗಮಕ ಕೇಳಿಯೇ ಮುದುಕಿಯಾದವರು, ರಾಮನವಮಿ ಬಂದರೆ ರಾಮಮಂದಿರ ಬಿಟ್ಟು ಕದಲದವರು.

‘ಹಾಗಾದ್ರೆ ಅಶೋಕವನದಲ್ಲಿ ಅಷ್ಟು ದಿನ ಅತ್ತೋಳು ಯಾರೇ? ನೆರಳಾ? ಹನುಮಂತ ಸಮುದ್ರ ಹಾರಿ ಉಂಗುರ ಕೊಟ್ಟಿದ್ದು ನೆರಳಿಗಾ? ಅಷ್ಟೊಂದು ಕಪಿಗಳು ಪ್ರಾಣ ಬಿಟ್ಟಿದ್ದು ನೆರಳಿಗೋಸ್ಕರವಾ?’

ಯಾರಲ್ಲೂ ಉತ್ತರವಿರಲಿಲ್ಲ. ಅಮ್ಮ ‘ಅಜ್ಜಿ, ದೇವರ ವಿಷಯ, ಹಾಗೆಲ್ಲ ಕೇಳಬಾರದು’ ಎಂದರು. ‘ದೇವರ ವಿಷಯ ಅಂತಲೇ ಕೇಳ್ತಿರೋದು ಕಣಮ್ಮ’ ಎಂದರು ಅಜ್ಜಿ. ಹಿಂದಿ ಅಕ್ಕ ಅಜ್ಜಿಯ ಕಡೆ ನಿಂತರು. ಲಕ್ಷ್ಮಣನ ಸಿಟ್ಟು ಹೇಳುವಾಗ ಮಾತು ತಾನಾಗಿ ಬಂತು, ರಾಮನ ಸಮಾಧಾನ ಹೇಳುವಾಗ ತಡವರಿಸಿತು ಎಂದರು. ಒಂದು ಧಾರಾವಾಹಿಯ ಬಗ್ಗೆ ಇದಕ್ಕಿಂತ ಸೂಕ್ಷ್ಮವಾದ ವಿಮರ್ಶೆಯನ್ನು ನಾನು ಓದಿಲ್ಲ.

ಮಹಡಿ ಮನೆಯಲ್ಲಿ ಕಾಲೇಜಿನ ಕನ್ನಡ ಮೇಷ್ಟ್ರಿದ್ದರು. ವಾದ ಜೋರಾದದ್ದು ಕೇಳಿ ಕೆಳಗಿಳಿದು ಬಂದರು. ಧಾರಾವಾಹಿಯ ಶುರುವಿನಲ್ಲಿ ಆಧಾರಗ್ರಂಥಗಳ ಹೆಸರು ಬರುವಾಗ ವಾಲ್ಮೀಕಿ, ತುಳಸಿ, ಕಂಬರ ಜೊತೆಗೆ ಕನ್ನಡದ ‘ರಾಮಚಂದ್ರಚರಿತ ಪುರಾಣ’ವೂ ಇದೆ, ಗಮನಿಸಿದಿರಾ ಎಂದು ಕೇಳಿದರು. ಯಾರೂ ಗಮನಿಸಿರಲಿಲ್ಲ. ನಾಗಚಂದ್ರನ ಆ ಜೈನ ಕಾವ್ಯದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ, ರಾಮನಲ್ಲ ಎಂದಾಗ ಹೆಂಗಸರು ಕೈಕೆಲಸ ನಿಲ್ಲಿಸಿದರು. ಆಮೇಲೆ ಮೇಷ್ಟ್ರು ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ಗೆ ಬಂದರು. ಅಲ್ಲಿ ಸೀತೆ ಒಬ್ಬಳೇ ಬೆಂಕಿಗೆ ಬೀಳುವುದಿಲ್ಲ, ರಾಮನೂ ಹೊಕ್ಕು ಅವಳೊಂದಿಗೆ ಹೊರಬರುತ್ತಾನೆ. ಪರೀಕ್ಷೆ ಇಬ್ಬರಿಗೂ ಎಂದರು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ಇದು ಸರಿ. ಇದನ್ನ ಯಾಕೆ ತೋರಿಸಲಿಲ್ಲ ಅವರು?’ ಎಂದು ಕೇಳಿದರು. ಮೇಷ್ಟ್ರು ‘ಅವರಿಗೆ ಕನ್ನಡ ಎಷ್ಟು ಗೊತ್ತೋ ಅಜ್ಜಿ’ ಎಂದು ಹೇಳಿ ಮೆಟ್ಟಿಲು ಹತ್ತಿದರು. ಆ ವಾರವಿಡೀ ನಮ್ಮ ವಠಾರದಲ್ಲಿ ಛಾಯಾಸೀತೆಯದೇ ಮಾತು. ಅಮ್ಮ ತಮ್ಮ ಅಭಿಪ್ರಾಯ ಬದಲಿಸಲಿಲ್ಲ, ಅಜ್ಜಿಯೂ ಬದಲಿಸಲಿಲ್ಲ. ಇಬ್ಬರೂ ಒಂದೇ ಒಲೆಯ ಹತ್ತಿರ ಕೂತು ಹಪ್ಪಳ ಲಟ್ಟಿಸಿದರು.

ಕಥೆಯನ್ನು ಪಟ್ಟಾಭಿಷೇಕಕ್ಕೇ ನಿಲ್ಲಿಸಬಾರದು, ವಾಲ್ಮೀಕಿಯ ಆಶ್ರಮದ ಭಾಗವನ್ನೂ ತೋರಿಸಬೇಕು ಎಂದು ಆ ವರ್ಷ ಜಾಲಂಧರ್ ಮುಂತಾದ ಊರುಗಳಲ್ಲಿ ಪೌರಕಾರ್ಮಿಕರು ಮುಷ್ಕರ ಹೂಡಿದರು. ಉತ್ತರ ರಾಮಾಯಣ ಬಂದದ್ದು ಅದರ ನಂತರ. ನಮ್ಮ ಅಜ್ಜಿ ಕೇಳಿದಂಥ ಪ್ರಶ್ನೆಯನ್ನೇ ಅವರು ಬೀದಿಗಿಳಿದು ಕೇಳಿದ್ದರು ಎಂದು ನನಗೆ ಈಗ ಅನ್ನಿಸುತ್ತದೆ.

ಕನ್ನಡದವರೇ ಆಗುಂಬೆಯಲ್ಲಿ ಚಿತ್ರೀಕರಿಸಿದ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಕೂಡ ಆ ಕಾಲದಲ್ಲಿ ನಮಗೆ ಬಂದದ್ದು ಹಿಂದಿಯಲ್ಲೇ. ಅದರ ಬಾಲನಟ ಮಾಸ್ಟರ್ ಮಂಜುನಾಥ್ ಆಡುವ ಮಾತನ್ನೂ ಹಿಂದಿ ಅಕ್ಕನೇ ಬಿಡಿಸಿ ಹೇಳಬೇಕಾಗುತ್ತಿತ್ತು. ಇಂಥವನ್ನು ಕನ್ನಡಕ್ಕೆ ತರೋಣವೆಂದರೆ, ಡಬ್ಬಿಂಗ್ ಬೇಡವೆಂಬ ಕಟ್ಟು ನಮ್ಮಲ್ಲಿ ದಶಕಗಟ್ಟಲೆ ನಡೆಯಿತು. 2012ರಲ್ಲಿ ಅಮೀರ್ ಖಾನರ ‘ಸತ್ಯಮೇವ ಜಯತೇ’ ತಮಿಳು, ತೆಲುಗು, ಮಲಯಾಳಂಗಳಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ಕಲಾವಿದರ, ತಂತ್ರಜ್ಞರ ಹೊಟ್ಟೆಪಾಡಿನ ಆತಂಕ ಸುಳ್ಳಲ್ಲ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ 1998ರಲ್ಲಿ ಟಿ.ಎನ್. ಸೀತಾರಾಂ ಬಳಗದ ‘ಮಾಯಾಮೃಗ’ ಧಾರಾವಾಹಿ ಮನೆಮನೆಯ ಮಾತಾದದ್ದು ಕಟ್ಟಿನ ಬಲದಿಂದಲ್ಲ. ನಮ್ಮ ಮನೆಯ ಮಾತನ್ನು ಆಡಿದ್ದರಿಂದ ಅದು ಗೆದ್ದಿತು.

2020ರ ಲಾಕ್‌ಡೌನಿನಲ್ಲಿ ಮಾರ್ಚ್ 28ರಿಂದ ದೂರದರ್ಶನ ಹಳೆಯ ‘ರಾಮಾಯಣ’ವನ್ನು ಮರುಪ್ರಸಾರ ಮಾಡಿತು. ನಾವಾಗ ಬಸವೇಶ್ವರನಗರಕ್ಕೆ ಬಂದಾಗಿತ್ತು. ಸಂಜೆ ತಾರಸಿಯ ಮೇಲೆ ಅಮ್ಮ ಪಕ್ಕದ ಮನೆಯವರಿಗೆ ಛಾಯಾಸೀತೆಯ ಪ್ರಸಂಗ ವಿವರಿಸುತ್ತಿದ್ದರು. ತಮ್ಮ ಅಭಿಪ್ರಾಯದ ಜೊತೆಗೆ ಅಜ್ಜಿಯ ಪ್ರಶ್ನೆಯನ್ನೂ ಹೇಳಿದರು. ಮೇ ತಿಂಗಳಲ್ಲಿ ಸ್ಟಾರ್ ಸುವರ್ಣದಲ್ಲಿ ಮಹಾಭಾರತ ಕನ್ನಡದಲ್ಲೇ ಬಂದಾಗ ಕೆಂಗೇರಿಯಲ್ಲಿದ್ದ ಹಿಂದಿ ಅಕ್ಕನಿಗೆ ಫೋನ್ ಮಾಡಿದೆ. ಅವರೂ ನೋಡುತ್ತಿದ್ದರು. ‘ಕನ್ನಡ ಸ್ವಲ್ಪ ಬಿಗಿ, ಬಾಯಿಗೆ ಹೊಂದಿಕೊಳ್ಳಬೇಕು. ಆದ್ರೆ ಯಾರೂ ಏನಂದ ಅಂತ ಕೇಳಬೇಕಾಗಿಲ್ಲ, ಅಷ್ಟು ಸಾಕು ಕಣೋ’ ಎಂದರು.

ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ. ಸಾಗರರ ‘ರಾಮಾಯಣ’ದಲ್ಲಿ ಲಕ್ಷ್ಮಣನ ಸಿಟ್ಟು ದೊಡ್ಡದು, ಅವನಿಗೆ ಸಿಕ್ಕ ಉತ್ತರ ಚಿಕ್ಕದು. ದೊಡ್ಡ ಉತ್ತರ ಕನ್ನಡದಲ್ಲಿದೆ. 1967ರ ಜ್ಞಾನಪೀಠ ಪಡೆದ ಕುವೆಂಪು ಅವರ ಆ ಕಾವ್ಯವನ್ನು ನಮ್ಮ ವಾಹಿನಿಗಳಲ್ಲಿ ಯಾವುದಾದರೂ ಒಂದು ಗಂಭೀರವಾಗಿ ಕೈಗೆತ್ತಿಕೊಳ್ಳಲಿ. ಆಡುಮಾತಿಗೆ ಹತ್ತಿರದ ಕನ್ನಡದಲ್ಲಿ, ಒಳ್ಳೆಯ ನಟರನ್ನಿಟ್ಟು, ಅವಸರವಿಲ್ಲದೆ ಮಾಡಲಿ. ಬೇರೆ ಭಾಷೆಯವರು ಬೇಕಾದರೆ ಅದನ್ನು ಡಬ್ ಮಾಡಿಕೊಳ್ಳಲಿ.